ಕೇಳಿದ ಮೇಲೆ ತರುವುದು

ದಕ್ಕೆಯ ಸೊಸೈಟಿ ಆಫೀಸಿನ ಮಾಳಿಗೆ.
ಕೆಳಗೆ ಐಸ್ ಪುಡಿಯಾಗುವ ಸದ್ದು,
ಮೇಲೆ ನಾನು, ಕಿರುಗುಟ್ಟುವ ಒಂದು ಫ್ಯಾನು,
ಮುನ್ನೂರ ಹನ್ನೆರಡು ಬೋಟು ತುಂಬಿದ ಡೇಟಾಬೇಸು.

ಮೊದಲ ದಿನ ಒಂದು ಬೋಟಿನ ಹೆಸರು ಕೇಳಿದೆ, ಅಷ್ಟೇ.
ಹೆಸರಿನ ಬಾಲ ಹಿಡಿದು ಮಾಲಕ ಬಂದ,
ಮಾಲಕನ ಹಿಂದೆ ಅವನ ಇನ್ನೆರಡು ಬೋಟು,
ಅವುಗಳ ಡೀಸೆಲ್ ಚೀಟಿ, ಹತ್ತು ವರ್ಷದ ಬಂಗುಡೆ, ಬೂತಾಯಿ,
ಒಂದು ಗಂಟು ಹಿಡಿದೆಳೆದರೆ ಇಡೀ ಬಲೆ ಮೇಲೆದ್ದ ಹಾಗೆ.
ಸರ್ವರ್ ಏದುಸಿರು ಬಿಟ್ಟು ಮಲಗಿತು.
ಲೀಲಾಧರ ಕರ್ಕೇರರು ಚಾ ತರಿಸಿ ಕೇಳಿದರು:
‘ಒಂದು ಬೋಟಿಗೆ ಇಷ್ಟು ಹೊತ್ತಾ ಮಗಾ?’

ಒಂದು ಪದ ಬದಲಿಸಿದೆ. ಲೇಜಿ.
ಸೋಮಾರಿ ಎಂದು ಬರೆದರೆ ಯಾರನ್ನೋ ಬೈದ ಹಾಗೆ ಕೇಳಿಸುತ್ತದೆ.
ಇದೇ ಆಫೀಸಿನ ರೆಕಾರ್ಡ್ ರೂಮಿನಲ್ಲಿ
ಮೂವತ್ತೊಂದು ವರ್ಷ ಇದನ್ನೇ ಮಾಡಿದರಂತೆ ಚಂದು ಪುತ್ರನ್.
ಕೇಳಿದವರಿಗೆ ಮೊದಲು ಒಂದು ಚೀಟಿ:
ಕಪಾಟು ನಾಲ್ಕು, ಸಾಲು ಎರಡು.
ಚೀಟಿ ಸಾಕಾದವರು ಹಿಡಿದು ಹೋಗುತ್ತಿದ್ದರು.
ಸಾಲದವರು ನಿಂತು ಕೆಮ್ಮಿದರೆ ಮಾತ್ರ
ಬಾಯಿಯ ವೀಳ್ಯ ಉಗಿದು, ಏಣಿ ಏರಿ,
ಜಿರಳೆ ಕೊಡವಿ ಪುಸ್ತಕ ಇಳಿಸುತ್ತಿದ್ದರು.
ಆ ಚೀಟಿಗೆ ನಮ್ಮವರು ಪ್ರಾಕ್ಸಿ ಎನ್ನುತ್ತಾರೆ:
ಬೋಟಿನ ಜಾಗದಲ್ಲಿ ಕೂತು, ಬೋಟಿನ ಹೆಸರಿಗೇ ಓಗೊಟ್ಟು,
ಹೊಟ್ಟೆಯಲ್ಲಿ ನಂಬರೊಂದನ್ನೇ ಇಟ್ಟುಕೊಂಡ ಪೊಳ್ಳು.

ಪರದೆ ಚಕ್ಕನೆ ತೆರೆಯತೊಡಗಿತು.
ಎಲ್ಲ ಬೋಟಿನ ಮಾಲಕರ ಪಟ್ಟಿ ಕೇಳಿದ ದಿನ ಮಾತ್ರ
ಉಪ್ಪಿಗೊಮ್ಮೆ ಮೆಣಸಿಗೊಮ್ಮೆ ಅಂಗಡಿಗೋಡುವ ಹುಡುಗನಂತೆ
ಮುನ್ನೂರ ಹದಿಮೂರು ಸಲ ಓಡಿತು.
ಇಪ್ಪತ್ತಿಪ್ಪತ್ತರ ಕಟ್ಟು ಮಾಡಿ ತರಲು ಕಲಿಸಿದೆ.
ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೆಪ್ಟೆಂಬರಿನ ಒಂದು ಸಂಜೆ ಗಾಳಿ ಎದ್ದಿತು.
ಜಲದುರ್ಗಾ ವಯರ್‌ಲೆಸ್ಸಿಗೆ ಸಿಗಲಿಲ್ಲ.
ಕೋಸ್ಟ್ ಗಾರ್ಡಿನವರು ಫೋನಿನಲ್ಲಿ:
ಒಳಗೆ ಎಷ್ಟು ಜನ, ಹೆಸರೇನು, ಬೇಗ ಹೇಳಿ.
ಕರ್ಕೇರರು ಒತ್ತಿದರು.
ಬಣ್ಣ ಬಂತು: ನೀಲಿ, ಹಳದಿ ಪಟ್ಟಿ.
ಎಂಜಿನ್ ಬಂತು, ಮಾಲಕನ ಹೆಸರು ಬಂತು.
ಕಲಾಸಿಗಳು ಎಂಬಲ್ಲಿ ಒಂದು ಕೆಂಪು ಗೆರೆ:
ಸೆಷನ್ ಮುಗಿದಿದೆ.

ಬೋಟನ್ನು ಕೈಗಿತ್ತು ಬಾಗಿಲೆಳೆದುಕೊಂಡು ಹೋಗಿತ್ತು ಡೇಟಾಬೇಸು.
ಚೀಟಿ ಕೈಯಲ್ಲಿದೆ. ಕಪಾಟು ನಾಲ್ಕು, ಸಾಲು ಎರಡು.
ಚಂದು ಪುತ್ರನ್ ಐದಕ್ಕೇ ಬೀಗ ಹಾಕಿದ್ದಾರೆ.

ಬಾಗಿಲಲ್ಲಿ ಜಲಜಾಕ್ಷಿ, ತಂಡೇಲರ ಹೆಂಡತಿ,
ಒದ್ದೆ ಕೊಡೆ ಮಡಚದೆ ನಿಂತಿದ್ದರು.
‘ಮೆಷಿನಿನಲ್ಲಿ ಅವರ ಹೆಸರಿಲ್ಲವಾ?’
ಇದೆ, ಅಂದೆ. ಬರುತ್ತಿಲ್ಲ.
‘ಇದ್ದದ್ದು ಯಾಕೆ ಬರುವುದಿಲ್ಲ?’

ಅವರೇ ಬೆರಳು ಮಡಚಿ ಎಣಿಸಿದರು:
ನಮ್ಮವರು. ಮೈದುನ ಗಣಪ. ಹೊನ್ನಾವರದ ಫ್ರಾನ್ಸಿಸ್.
ಅಡುಗೆಯ ಹುಡುಗ ಸಮೀರ.
ಮತ್ತಿಬ್ಬರು ಒಡಿಶಾದವರು.
ಐದನೆಯ ಬೆರಳು ಅರ್ಧಕ್ಕೆ ನಿಂತಿತು.
‘ಅವರ ಹೆಸರು ನನಗೆ ಗೊತ್ತಿಲ್ಲ. ಅನ್ನ ಬಡಿಸಿದ್ದೇನೆ, ಕೇಳಲಿಲ್ಲ.’

ಬೆಂಕಿ ಬಿದ್ದ ಮನೆಯ ಮುಂದೆ ಬಾವಿ ತೋಡುವವಳಂತೆ
ಕೈಯಾರೆ ಕ್ವೆರಿ ಬರೆದೆ, ಎರಡು ಸಲ ಅಲ್ಪವಿರಾಮ ತಪ್ಪಿದೆ.
ಮೂರನೆಯ ಸಲ ಬಂದರು:
ತ್ರಿನಾಥ ಬೆಹೆರಾ. ಕಾಲಿಯಾ ಜೆನಾ.
ಜಲಜಾಕ್ಷಿ ಅದನ್ನು ಹೇಳಿಕೊಂಡರು, ನಿಧಾನ,
ನಾಲಗೆಗೆ ಹೊಸದಾದ ಉಪ್ಪು ನೋಡಿದಂತೆ.

ಬೆಳಿಗ್ಗೆ ಜಲದುರ್ಗಾ ಬಂತು,
ಇನ್ನೊಂದು ಬೋಟಿನ ಹಗ್ಗದ ತುದಿಯಲ್ಲಿ, ಎಂಜಿನ್ ಕೆಟ್ಟು.
ಆರು ಜನ ಇಳಿದರು, ಚಾ ಕುಡಿದರು, ಬೈದರು.
ಅಷ್ಟೇ. ಪೇಪರಿನಲ್ಲೂ ಬರಲಿಲ್ಲ.

ಹನ್ನೊಂದು ಗಂಟೆಗೆ ಒಂದು ಸಾಲು ತಿದ್ದಿದೆ:
ಬೋಟು ಕೇಳಿದರೆ, ಅದೇ ಉಸಿರಿನಲ್ಲಿ, ಅದರ ಜನ.
ಡೀಸೆಲ್ ಮಲಗಿರಲಿ, ಐಸಿನ ಲೆಕ್ಕ ಮಲಗಿರಲಿ,
ಹತ್ತು ವರ್ಷದ ಬಂಗುಡೆಯ ಕ್ರಯ ಕಪಾಟಿನಲ್ಲೇ ಇರಲಿ.

ಶನಿವಾರ ಅಡ್ವಾನ್ಸಿಗೆ ಬಂದವನೊಬ್ಬ
ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಸುಮ್ಮನೆ ನಿಂತ.
‘ತ್ರಿನಾಥ?’ ಅಂದೆ.
ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ.