ನಾಲ್ಕು ಗೇಣು

ಮೆಚುಕೆ ದ್ವೀಪದಿಂದ ದೋಣಿ ಹತ್ತಿದಾಗ
ನನ್ನ ಮಡಿಲಲ್ಲಿ ಏಳು ಆಲೂಗಡ್ಡೆ.
ಕರಿಯವು, ಸೊಟ್ಟಗಿನವು, ಒಂದಂತೂ
ಮುದುಕನ ಹೆಬ್ಬೆರಳಿನಂತೆ ಗಂಟು ಗಂಟು.
ಅವ್ವ ಹೇಳಿದ್ದಳು: ಬಟ್ಟೆ ಮರೆತರೆ ಮರಿ,
ಬೀಜ ಮರೆತು ಹೋದವಳಿಗೆ
ಅತ್ತೆಮನೆಯಲ್ಲಿ ಬಾಯಿಲ್ಲ.

ಅತ್ತೆ ಎದೆಲ್ಮಿರಾ ಅವನ್ನು
ಒಲೆಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು.
"ಇವನ್ನು ಸುಲಿಯುವಷ್ಟರಲ್ಲಿ
ಗಂಡ ಮುದುಕನಾಗುತ್ತಾನೆ" ಎಂದಳು.
ಕೋಳಿಗೂಡಿನ ಹಿಂದೆ, ನೀರು ನಿಲ್ಲುವಲ್ಲಿ
ನಾಲ್ಕು ಗೇಣು ಜಾಗ ಕೊಟ್ಟಳು.
ಉಳಿದದ್ದೆಲ್ಲ ಅವಳದು:
ಬೆಳ್ಳುಳ್ಳಿಯ ಪಾತಿ, ಅವರೆಗಿಂತ ದಪ್ಪ ಹಾಬಾ ಕಾಳು,
ದಾರ ಹಿಡಿದು ಎಬ್ಬಿಸಿದ ಏರಿಗಳಲ್ಲಿ
ಪೇಟೆಯಿಂದ ತಂದ ಬಿಳಿ ಆಲೂಗಡ್ಡೆ,
ಮೊಟ್ಟೆಯಂತೆ ನುಣ್ಣಗೆ.

ನಮ್ಮ ಕಡೆ ಆಗಸ್ಟ್ ಎಂದರೆ ಚಳಿಯ ಬಾಲ.
ಹುಣ್ಣಿಮೆಯ ಮರುದಿನ ಕಡಲು ದೂರ ಸರಿದಾಗ
ಇಬ್ಬರೂ ಬುಟ್ಟಿ ಹೊತ್ತು ಇಳಿಯುತ್ತಿದ್ದೆವು
ಪಾಚಿ ಬಾಚಲು.
ಮೊಣಕಾಲವರೆಗೆ ಹಸಿರು ಲೋಳೆ,
ಮರಗಟ್ಟಿದ ಕೈ,
ಯಾವ ಬೆರಳು ಯಾರದೆಂದು ತಿಳಿಯದು.
ಅಲ್ಲಿ ಮಾತ್ರ ಅವಳು ಮಾತಾಡುತ್ತಿದ್ದಳು.
ಹೆಸರಿಡುವ ಮೊದಲೇ ಹೋದ ಚೊಚ್ಚಲು ಕೂಸು,
ಒಂದು ವರ್ಷ ಕುರಿ ಬೇಲಿ ಮುರಿದು ಹಾಬಾ ಮೇಯ್ದದ್ದು,
ಎರಡನ್ನೂ ಒಂದೇ ದನಿಯಲ್ಲಿ.
ಮನೆ ಸೇರಿದರೆ ಮತ್ತೆ ಬಾಯಿಗೆ ಬೀಗ,
ಏರಿಯ ಮೇಲೆ ಪಾಚಿ ಬೀಳುವ ಸದ್ದು,
ಪಚಕ್, ಪಚಕ್.

ಅಕ್ಟೋಬರಿನಲ್ಲಿ ಮೊಳಕೆ. ನವೆಂಬರಿನಲ್ಲಿ ಕಳೆ.
ಜನವರಿಯಲ್ಲಿ ಬೆಳ್ಳುಳ್ಳಿ ಕಿತ್ತು
ಜಡೆ ಹೆಣೆದು ಜಂತಿಗೆ ನೇತುಹಾಕಿದರೆ
ವಾರವಿಡೀ ಹೊದಿಕೆಗೂ ಅದೇ ಘಾಟು.
ನನ್ನ ನಾಲ್ಕು ಗೇಣಿನಿಂದ ಪ್ರತಿ ಮಾರ್ಚ್
ಅರ್ಧ ಬುಟ್ಟಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಐದನೆಯ ವರ್ಷ ಡಿಸೆಂಬರಿನಲ್ಲಿ
ಬೆಚ್ಚನೆಯ ಜಡಿಮಳೆ, ಆರು ದಿನ.
ಎಲೆಯ ತುದಿಗೆ ಕಿಡಿ ಸಿಡಿದಂಥ ಕಂದು ಚುಕ್ಕೆ.
ಅತ್ತೆ ಎಲೆ ಮೂಸಿದಳು, ಏನೂ ಹೇಳಲಿಲ್ಲ.
ಮೂರೇ ದಿನ. ಏರಿಗೆ ಏರಿಯೇ
ಬಿಸಿನೀರು ಸುರಿದಂತೆ ಮಲಗಿತು.
ಅವಳು ಕೆಸರಲ್ಲೇ ಕುಕ್ಕರಗಾಲಲ್ಲಿ ಕೂತು ಬಗೆದಳು,
ಬೆರಳು ಆಲೂಗಡ್ಡೆಯೊಳಗೇ ಹೋಯಿತು, ಬೆಣ್ಣೆಗೆ ಹೋದಂತೆ.

ಕತೆಯಾಗಿದ್ದರೆ ಇಲ್ಲಿ ನನ್ನ ಕರಿಯವು ಗೆಲ್ಲಬೇಕಿತ್ತು.
ಇಲ್ಲ, ಅವೂ ಕೊಳೆತವು.
ಬೇಲಿಯಡಿ ಕೋಳಿ ಕೆದರಿದ ಮಣ್ಣಲ್ಲಿ
ಮೂರು ಸಿಕ್ಕವು, ಗಟ್ಟಿಯಾಗಿ.
ಅದರಲ್ಲೊಂದಕ್ಕೆ ಕೊಕ್ಕಿನ ಗಾಯ.

ಆ ಚಳಿಗಾಲ ಉಂಡದ್ದು ಅಂಗಡಿಯ ಅಕ್ಕಿ,
ಪಕ್ಕದ ಒತಿಲಿಯಾ ಕಳಿಸಿದ ಒಂದು ಚೀಲ.
ಮೂರು ಆಲೂಗಡ್ಡೆ ಉಣ್ಣೆಯ ಕಾಲುಚೀಲದೊಳಗೆ
ಮಂಚದ ಗೂಟಕ್ಕೆ.
ರಾತ್ರಿ ಯಾರೋ ಮುಟ್ಟಿದ ಸದ್ದು.
ಇಲಿಯೆಂದು ಎದ್ದರೆ ಅತ್ತೆ,
ಕತ್ತಲಲ್ಲಿ ನಿಂತು
ಚೀಲದ ಹೊರಗಿಂದಲೇ ತಡವಿ ಎಣಿಸುತ್ತಿದ್ದಾಳೆ.
ನಿದ್ದೆ ಬಂದವಳಂತೆ ಮಗ್ಗುಲು ಬದಲಿಸಿದೆ.

ಆಗಸ್ಟಿನ ಒಂದು ಬೆಳಗು
ನಾನು ಏಳುವ ಮೊದಲೇ ಕೊಡತಿಯ ಸದ್ದು.
ಬೆಳ್ಳುಳ್ಳಿಯ ಪಾತಿಯ ಪಕ್ಕ, ಅವಳ ಒಳ್ಳೆಯ ಮಣ್ಣಲ್ಲಿ,
ಗೂಟ ಸರಿಸಿ ಹೊಡೆಯುತ್ತಿದ್ದಳು.
"ಕೋಳಿಗೂಡಿನ ಹಿಂದೆ ಕೋಳಿಗೇ ಜಾಗ ಸಾಲದು" ಎಂದಳು,
ನನ್ನ ಮುಖ ನೋಡದೆ.
ಒಳಗೆ ಹೋದ ಮೇಲೆ ಗೇಣು ಹಾಕಿ ಅಳೆದೆ.
ಹನ್ನೊಂದು.
ಅದಾದ ಮೇಲೂ ಜಗಳ ಇದ್ದೇ ಇತ್ತು,
ಹಾಬಾ ಯಾವ ಕಡೆ, ಬೂದಿ ಎಷ್ಟು.

ಈಗ ಅವಳ ಕಣ್ಣಿಗೆ ಪೊರೆ.
ಬೆರಳಿಂದಲೇ ಗಂಟು ಹುಡುಕಿ
ಕರಿ ಆಲೂಗಡ್ಡೆ ಸುಲಿಯುತ್ತಾಳೆ,
ಒಂದಕ್ಕೆ ಅರ್ಧ ಗಂಟೆ.
ತುರಿದು, ಬಟ್ಟೆಯಲ್ಲಿ ಹಿಂಡಿ, ಮಿಲ್ಕಾವೊ ತಟ್ಟಬೇಕು,
ಹಂಚು ಕಾದು ಹೊಗೆಯಾಡುತ್ತಿದೆ, ನಾನು ಕಾಯುತ್ತೇನೆ.
ಒಲೆಯ ಪಕ್ಕ ಬೆಲಿಸಾರಿಯೋ ತೂಕಡಿಸುತ್ತಾನೆ,
ಬಾಯಿ ತೆರೆದು, ತಲೆಯೆಲ್ಲ ಬಿಳಿ.

"ನೋಡು, ಆಗಲೇ ಹೇಳಿರಲಿಲ್ಲವೇ"
ಎನ್ನುತ್ತಾಳೆ ಅತ್ತೆ, ಚಾಕು ನಿಲ್ಲಿಸದೆ.