ಎಡಕ್ಕೆ

ಹೋನಿಯಾರಾದ ನಮ್ಮ ಶಾಲೆಗೆ ಹದಿನೈದು ದಿನ ರಜೆ.
ಬೆಂಚುಗಳನ್ನು ಹಿಂದುಗಡೆ ಒಂದರ ಮೇಲೊಂದು ಪೇರಿಸಿ
ತಾಡಪಾಲು ಹೊದಿಸಿದೆ. ಕೋಣೆಗೊಂದು ದೇಶ ಬಂತು.
ಆರನೇ ಕ್ಲಾಸಿಗೆ ಟೋಂಗಾದ ಬಾಕ್ಸಿಂಗ್ ಹುಡುಗರು,
ಗ್ರಂಥಾಲಯಕ್ಕೆ ನವೂರುವಿನ ಭಾರ ಎತ್ತುವವರು
(ಮೊದಲ ರಾತ್ರಿಯೇ ಎರಡು ಮಂಚ ಮುರಿದವು, ಬರೆದುಕೊಂಡೆ),
ಎರಡನೇ ಕ್ಲಾಸಿಗೆ, ಗೋಡೆಯ ಬಣ್ಣದ ಆಮೆಗಳ ಕೆಳಗೆ,
ತುವಾಲು. ಒಟ್ಟು ಒಂಬತ್ತು ಜನ, ಒಂದು ಬಾವುಟ;
ಒಣಹಾಕಿದ ಟವೆಲುಗಳ ನಡುವೆ ಅದನ್ನು ಹುಡುಕಬೇಕು.

ನಾನಿಲ್ಲಿ ಬೀಗದಕೈ ಇಟ್ಟುಕೊಂಡವನು.
ನಲ್ಲಿ ಸೋರಿದರೆ ನಾನು, ದೀಪ ಹೋದರೆ ನಾನು,
ಹನ್ನೊಂದರ ಮೇಲೆ ಗಿಟಾರು ಬಾರಿಸಿದರೆ
ಬಾಗಿಲು ತಟ್ಟುವವನೂ ನಾನೇ.
ತಟ್ಟಿ, ಒಳಗೆ ಕೂತು, ಕೇಳಿ ಬಂದದ್ದೂ ಉಂಟು.

ಆ ಹುಡುಗ ತೌಕಾವೆಗೆ ಮಾತ್ರ ನಿದ್ದೆ ಇಲ್ಲ.
ಹದಿನೈದುನೂರು ಮೀಟರು ಓಡುವವನು.
ಮೂರನೇ ರಾತ್ರಿ ಕರಿಹಲಗೆಯ ಮುಂದೆ ನಿಂತು
ತನ್ನ ಊರು ಬರೆದು ತೋರಿಸಿದ:
ಒಂದು ಗೆರೆ.
ಅಷ್ಟೇ.
ಗೆರೆಯೇ ದ್ವೀಪ, ಗೆರೆಯೇ ವಿಮಾನ ಇಳಿಯುವ ದಾರಿ,
ಸಂಜೆಯಾದರೆ ಅದರ ಮೇಲೇ ವಾಲಿಬಾಲು, ಹರಟೆ, ಪ್ರೇಮ,
ಅದರ ಮೇಲೇ ಅವನ ಓಟ.
ವಿಮಾನ ಬರುವ ದಿನ ಸೈರನ್ನು ಕೂಗುತ್ತದೆ,
ಎಲ್ಲರೂ ಬದಿಗೆ ಸರಿಯುತ್ತಾರೆ.
ಅದು ಹೋದ ಮೇಲೆ ಬಿಟ್ಟಲ್ಲಿಂದ ಓಡುತ್ತಾನೆ.
'ತಿರುವು?' ಎಂದೆ.
'ತಿರುಗಿದರೆ ಸಮುದ್ರ' ಎಂದ.

ಮೈದಾನದಲ್ಲಿ ಅವನ ಅಭ್ಯಾಸ ನೋಡಿದ್ದೆ.
ನೇರಕ್ಕೆ ಬಿಟ್ಟ ಬಾಣ. ತಿರುವು ಬಂತೋ
ಹಗ್ಗ ಕಿತ್ತ ದೋಣಿಯ ಹಾಗೆ ಹೊರಹೊರಕ್ಕೆ,
ಮೂರು ಗೆರೆ ದಾಟಿ, ಈಟಿ ಹಿಡಿದು ನಿಂತ
ಫಿಜಿಯವಳ ತನಕ ಹೋಗಿ
ಕ್ಷಮೆ ಕೇಳಿ ವಾಪಸು ಬರುತ್ತಿದ್ದ.
ಅವರ ಕೋಚು ಪಾದ್ರಿ. ಟೇಬಲ್ ಟೆನಿಸ್ಸಿಗೂ ಅವರೇ ಕೋಚು.
'ಪ್ರಾರ್ಥಿಸೋಣ' ಎಂದರು.

ನಾನು ಮೀನುದೋಣಿಯ ಹಳೇ ಹಗ್ಗ ತಂದೆ.
ಒಂದು ತುದಿ ಸಡಿಲ ಕುಣಿಕೆಯಾಗಿ ಅಂಗಳದ ದೀವಿಹಲಸಿಗೆ,
ಇನ್ನೊಂದು ಅವನ ಸೊಂಟಕ್ಕೆ.
ಓಡು, ಎಂದೆ. ಎಡಕ್ಕೆ.
ಮರ ನಿನ್ನನ್ನು ಎಳೆಯಬಾರದು, ನೀನೇ ಮರದ ಕಡೆ ಬಾಗು.
ಓಟದ ಬಗ್ಗೆ ನನಗೇನು ಗೊತ್ತು,
ಹನ್ನೆರಡು ವರ್ಷ ದಿಮ್ಮಿ ಲಾರಿ ಓಡಿಸಿದವನು;
ಗೊತ್ತಿದ್ದನ್ನು ಹೇಳಿದೆ:
ತಿರುವಿಗೆ ಮುಂಚೆ ಹೆದರು,
ಒಳಗೆ ಹೋದ ಮೇಲೆ ಬ್ರೇಕು ಮುಟ್ಟಬೇಡ.

ಗೂಟ ಸುತ್ತುವ ಕರುವಿನ ಹಾಗೆ ಸುತ್ತಿದ.
ಬಿದ್ದ. ಎದ್ದ. ಹಣ್ಣೆಲೆ ಮೆಟ್ಟಿ ಮತ್ತೆ ಜಾರಿದ.
ಕಿಟಕಿ ತೆರೆದವು ಒಂದೊಂದೇ.
ಮಂಚ ಮುರಿದವರು ಚಾಪೆ ತಂದು ಕೂತರು,
ಯಾರೋ ಸುತ್ತು ಎಣಿಸತೊಡಗಿದರು, ಎಲ್ಲರೂ ಸೇರಿಕೊಂಡರು,
ಎಣಿಕೆ ಭಾಷೆ ಭಾಷೆಗೆ ಎಡವಿ ಎಡವಿ ಐದಕ್ಕೆ ಬಂದಾಗ
ಸಮೋವಾದವನೂ ಲಿಮಾ, ಫಿಜಿಯವಳೂ ಲಿಮಾ,
ನಮ್ಮ ಮಲೈತಾದಲ್ಲೂ ಲಿಮಾ.
ಟೋಂಗಾದವರು ಮಾತ್ರ ನಿಮಾ ಎಂದು ಹಟ ಹಿಡಿದರು.
'ನಮ್ಮಲ್ಲಿ ಕೈಗೂ ಅದೇ ಮಾತು' ಎಂದು
ಓಡುತ್ತಲೇ ಬೆರಳು ಬಿಡಿಸಿ ತೋರಿಸಿದ ತೌಕಾವೆ.

ಗುರುವಾರ ಓಟ.
ಅಡಿಕೆ ಉಗುಳಬಾರದು ಎಂಬ ಹಲಗೆಯ ಕೆಳಗೆ
ಬಾಯಿ ತುಂಬ ಅಡಿಕೆ ಇಟ್ಟುಕೊಂಡು ಕೂತೆ.
ಏಳು ತಿರುವು. ಎಣಿಸಿದೆ.
ಏಳರಲ್ಲೂ ಅವನ ಎಡಭುಜ
ಇಲ್ಲದ ಮರವೊಂದಕ್ಕೆ ವಾಲಿತ್ತು.
ಕಡೆಯದು ಮುಗಿದು ಎದುರಿಗೆ ನೇರ ಸಿಕ್ಕಿದಾಗ
ಊರು ಕಂಡವನ ಮುಖ ಅದು.
ಉಗುಳಲಾಗದೆ, ಕೂಗಲಾಗದೆ, ನುಂಗಿಬಿಟ್ಟೆ.

ಹನ್ನೊಂದು ಜನರಲ್ಲಿ ಎಂಟನೆಯವ.
ದೇಶಕ್ಕೇ ಹೊಸ ದಾಖಲೆ ಎಂದರು ಪಾದ್ರಿ;
ಹಳೆಯದು ಯಾರದೆಂದು ಕೇಳಿದೆ. ಇವನದೇ.

ಸೋಮವಾರ ಬೆಂಚು ಒಳಗಿಟ್ಟೆ.
ಎರಡನೇ ಕ್ಲಾಸಿನ ಟೀಚರು ಹಲಗೆಯ ಗೆರೆಯನ್ನು ಅಳಿಸಲಿಲ್ಲ,
ಯಾರೋ ಪುಣ್ಯಾತ್ಮರು ಎಳೆದುಕೊಟ್ಟಿದ್ದಾರೆಂದು
ಅದರ ಮೇಲೇ ಅಕ್ಷರಗಳನ್ನು ಸಾಲಾಗಿ ಕೂರಿಸಿದಳು.
ಹೆಡ್‌ಮಾಸ್ಟರ್ ರೊಫೆಟಾ ಅಂಗಳದಲ್ಲಿ ನಿಂತು
ಮರದ ಸುತ್ತ ಹುಲ್ಲು ಸತ್ತ ಬಳೆಯನ್ನು ನೋಡಿದರು.
'ಇದೇನಿದು?'
'ಹಂದಿ ನುಗ್ಗಿತ್ತು ಸಾರ್.'
'ಹಂದಿ ಇಷ್ಟು ಗುಂಡಗೆ ಓಡುತ್ತದೇನಯ್ಯಾ?'
'ಕಲಿಸಿದರೆ ಓಡುತ್ತೆ ಸಾರ್.'