ತಣ್ಣೀರಲ್ಲೇ ನೆನೆಸಬೇಕು

ಗುತ್ತಲು ರಸ್ತೆಯ ನಮ್ಮ ಚರ್ಚಿಗೆ
ಈ ಸಲ ಬಂದ ಅಯ್ಯನವರು ಹೆಂಗಸು.
ಹಾಗಂದರೆ ವಾಕ್ಯ ಕುಂಟುತ್ತದೆ, ಗೊತ್ತು.
ಅಮ್ಮನವರು ಅನ್ನೋಣವೆಂದರೆ
ಅದು ಅಯ್ಯನವರ ಹೆಂಡತಿಗೆ ಇಟ್ಟ ಹೆಸರು,
ಕಾಫಿ ಕೊಡುವವರಿಗೆ, ಹಾರ್ಮೋನಿಯಂ ನುಡಿಸುವವರಿಗೆ.
ಊರಾಚೆ ಕಲ್ಲಾಗಿ ಕೂತವಳಿಗೂ ಅದೇ ಹೆಸರು,
ಅದರ ಮಾತು ನಮಗೆ ಬೇಡ.
ಅವರ ಗಂಡನನ್ನು ಏನನ್ನಬೇಕೋ ಇನ್ನೂ ತೀರ್ಮಾನವಾಗಿಲ್ಲ;
ಎಲ್‌ಐಸಿಯಲ್ಲಿ ಗುಮಾಸ್ತ,
ಭಾನುವಾರ ಪೂರ್ತಿ ಕೂಸು ಎತ್ತಿಕೊಂಡು
ಹುಣಸೆಮರದ ಕೆಳಗೆ ಓಡಾಡುತ್ತಾನೆ.

ನಾನು ಲಿಡಿಯಮ್ಮ. ಮೂವತ್ತೆಂಟು ವರ್ಷದಿಂದ
ಮೇಜಿನ ಬಿಳಿ ಹಾಸು, ಪಾತ್ರೆ ಒರೆಸುವ ಬಟ್ಟೆ,
ಒಂಬತ್ತು ಜನ ಅಯ್ಯನವರ ನಿಲುವಂಗಿ ಒಗೆದವಳು.
ಒಬ್ಬೊಬ್ಬರ ಕೊರಳಪಟ್ಟಿಯೂ ಕೈಗೆ ಗೊತ್ತು:
ಒಬ್ಬರದು ನಶ್ಯ, ಒಬ್ಬರದು ತಲೆಗೆಣ್ಣೆ,
ಒಬ್ಬರು ಪ್ರಸಂಗಕ್ಕೆ ಮೊದಲೇ ಬೆವರುವವರು.
ಬಟ್ಟೆ ನನ್ನದು. ಕಟಾಂಜನದ ಆಚೆ ನನ್ನದಲ್ಲ.
ಇಸ್ತ್ರಿಯಾದದ್ದನ್ನು ಒಯ್ದು ಹಾಸುವವರು
ಜ್ಞಾನಶೇಖರ ಮೇಷ್ಟ್ರು.

ಚೊಚ್ಚಲು ಹೆತ್ತಾಗ ನಲವತ್ತು ದಿನ ಒಳಗೆ ಹೋಗಲಿಲ್ಲ.
ನಲವತ್ತೊಂದನೆಯ ದಿನ ಬಾಗಿಲಲ್ಲಿ ನಿಂತೆ,
ಅಯ್ಯನವರು ಪ್ರಾರ್ಥನೆ ಓದಿ ಕರೆದ ಮೇಲೆ
ಹೊಸ್ತಿಲು ದಾಟಿದೆ.
ಅವಮಾನ ಅನ್ನಿಸಿರಲಿಲ್ಲ. ನಿಜ ಹೇಳುತ್ತೇನೆ,
ಹಬ್ಬದ ಹಾಗಿತ್ತು.
ಸಕ್ಕರೆ ಕಾರ್ಖಾನೆಯ ಸೈರನ್ನು ಕೂಗಿದ್ದು ಕೂಡ
ನನಗೇ ಅನ್ನಿಸಿತ್ತು.

ಅದಕ್ಕೇ, ಮೊದಲ ಭಾನುವಾರ ಆಕೆ ಪಾತ್ರೆ ಹಿಡಿದು ಬಂದಾಗ
ಕೈ ಮಡಿಲಲ್ಲೇ ಉಳಿಯಿತು.
ಕೈಗೆ ನಾನು ಏನೂ ಹೇಳಿರಲಿಲ್ಲ.
ಆಕೆ ಒಂದು ಗಳಿಗೆ ನಿಂತು ಪಕ್ಕದವಳ ಕಡೆ ಹೋದರು.
ಹೊರಗೆ ಮೇಷ್ಟ್ರು ಹೊಗಳಿದರು:
"ನೀನೊಬ್ಬಳೇ ಕಣಮ್ಮ ವಿಶ್ವಾಸ ಉಳಿಸ್ಕೊಂಡೋಳು."
ಹೊಗಳಿಕೆ ಬಾಯಿಗೆ ಕಾಕಂಬಿಯ ಹಾಗೆ ಅಂಟಿತು,
ಸಿಹಿಯೋ ಸುಟ್ಟದ್ದೋ ತಿಳಿಯಲಿಲ್ಲ.

ಸಭೆ ಸೇರಿ ವಾದವೂ ಆಯಿತು.
ದೂರದ ಊರಿಗೆ ಎಂದೋ ಬರೆದ ಕಾಗದವೊಂದನ್ನು
ಮೇಷ್ಟ್ರು ಎದ್ದು ನಿಂತು ಓದಿದರು.
ಖಾಲಿ ಸಮಾಧಿ ಮೊದಲು ನೋಡಿದ್ದು ಯಾರು ಸಾರ್
ಎಂದು ಬಿ.ಎಡ್. ಓದುವ ಬೆನಿಟಾ ಕೇಳಿದಳು.
ಬಿಷಪ್ಪರೇ ತಲೆ ಮೇಲೆ ಕೈಯಿಟ್ಟು ಕಳಿಸಿದ್ದಾರೆ,
ನಿಯಮ ಹಳೆಯದು, ಮಂಡ್ಯಕ್ಕೆ ಈಗ ಬಂತು ಅಷ್ಟೆ, ಎಂದರು ಖಜಾಂಚಿ.
ನನ್ನನ್ನು ಯಾರೂ ಕೇಳಲಿಲ್ಲ,
ಎರಡು ಕಡೆಯವರೂ.

ಸೋಮವಾರ ನಿಲುವಂಗಿ ಒಗೆಯಲು ಬಂತು.
ಕೊರಳಪಟ್ಟಿ ಚೊಕ್ಕಟ. ಎದೆಯ ಹತ್ತಿರ
ಎರಡು ಗುಂಡನೆಯ ಕಲೆ, ಗಂಜಿ ಹಾಕಿದಂತೆ ಬಿರುಸು.
ಮೂಸಿ ನೋಡಬೇಕಾಗಿರಲಿಲ್ಲ. ಆದರೂ ಮೂಸಿದೆ.
ರೊಟ್ಟಿ ಮುರಿಯುವ ಹೊತ್ತಿಗೆ
ಹುಣಸೆಮರದ ಕೆಳಗೆ ಕೂಸು ಅತ್ತಿತ್ತು, ಎಲ್ಲರೂ ಕೇಳಿದ್ದೆವು.
ದೇಹ ಎಂಬ ಮಾತಿನಲ್ಲಿ ಆಕೆಯ ದನಿ ತಡವರಿಸಿರಲಿಲ್ಲ.
ದೇಹ ಮಾತ್ರ ತನ್ನ ಪಾಡಿಗೆ
ಕೂಸಿಗೆ ಓಗೊಟ್ಟಿತ್ತು.

ಹಾಲಿನ ಕಲೆ ಬಿಸಿನೀರಿಗೆ ಕಚ್ಚಿಕೊಳ್ಳುತ್ತದೆ.
ತಣ್ಣೀರಲ್ಲೇ ನೆನೆಸಬೇಕು, ಸಾಬೂನು ಆಮೇಲೆ.
ರಕ್ತಕ್ಕೂ ಹಾಗೇ. ಪಾತ್ರೆ ಒರೆಸಿದ ಬಟ್ಟೆಗೂ
ನಾನು ಹಾಗೇ ಮಾಡುತ್ತೇನೆ.
ಎರಡು ಬಕೆಟ್ಟು, ಒಂದೇ ನಲ್ಲಿಯ ನೀರು.
ನಡುವೆ ಕುಕ್ಕರುಗಾಲಲ್ಲಿ ಕೂತು ಸುಮಾರು ಹೊತ್ತು
ಏನೂ ಮಾಡಲಿಲ್ಲ.

ಮೇಷ್ಟ್ರಿಗೆ ಹೇಳಲಿಲ್ಲ.
ಹೇಳಿದ್ದರೆ ಮತ್ತೊಂದು ಮೀಟಿಂಗು.
ಶನಿವಾರ ಮಡಚಿ ಕೊಡುವಾಗ ಆಕೆಗೆ ಇಷ್ಟೇ ಅಂದೆ:
"ಒಳಕ್ಕೆ ಹತ್ತಿಬಟ್ಟೆ ಇಟ್ಕೊಳಿ.
ನಮ್ಮೋರ್ದು ಹಳೇ ಪಂಚೆ ಇತ್ತು, ಹರ್ದು ತಂದಿವ್ನಿ."
ತಲೆ ತಗ್ಗಿಸಿದರು. ಆಮೇಲೆ ನಕ್ಕರು.
ಹಿಂದಿನ ಒಂಬತ್ತು ಜನರಲ್ಲಿ ಯಾರೂ
ಬಟ್ಟೆ ಇಸಿದುಕೊಳ್ಳುವಾಗ ನನ್ನ ಮುಖ ನೋಡಿದವರಲ್ಲ,
ಅದು ಅವರ ತಪ್ಪೂ ಅಲ್ಲ.

ನಾಳೆ ಭಾನುವಾರ. ಕೈ ನೀಡುತ್ತೇನೋ ಇಲ್ಲವೋ
ನನಗೇ ಗೊತ್ತಿಲ್ಲ.
ನಲವತ್ತು ದಿನ ಹಿಡಿದೀತು, ಹೊಸ್ತಿಲಲ್ಲಿ.
ಆಕೆಯನ್ನು ಏನೆಂದು ಕರೆಯಬೇಕೋ ಅದೂ ಗೊತ್ತಿಲ್ಲ.
ಬೋರ್ಡಿನಲ್ಲಿ ರೆವರೆಂಡ್ ಸುಕೀರ್ತಿ ಎಂದಿದೆ, ಬಣ್ಣ ಇನ್ನೂ ಹಸಿ.
ಮನೆಗೆ ಬಂದು ಒಗೆದ ಬಟ್ಟೆಯ ತಂತಿ ಒರೆಸಿದೆ,
ತುದಿಯಿಂದ ತುದಿಗೆ, ಎರಡು ಸಲ.
ಬಿಳಿಗೆ ತುಕ್ಕು ತಾಗಿದರೆ
ಯಾವ ನೀರಿಗೂ ಹೋಗುವುದಿಲ್ಲ.